ಒಂದು ಕಂಠಕ್ಕೆ ಕಟ್ಟಿದ ಬಂದಿಶ್‌ಗಳು

ಹಿಂದುಸ್ತಾನಿ ಸಂಗೀತದಲ್ಲಿ ಹಾಡುವವರು ಬಹಳ, ಹಾಡು ಕಟ್ಟುವವರು ವಿರಳ. ಖಯಾಲ್ ಗಾಯನಕ್ಕೆ ಕನ್ನಡದ ಬಂದಿಶ್, ಅಂದರೆ ರಾಗತಾಳಕ್ಕೆ ಕೂರಿಸಿದ ಕಿರುಹಾಡು, ಕಟ್ಟುವವರಂತೂ ಬೆರಳೆಣಿಕೆಯಷ್ಟೇ. ಆ ಕೆಲವರ ಸಾಲಿಗೆ ಸೇರಿದ ಪಂಡಿತ ರಾಮಲಿಂಗ ಪೂಜೇರಿಯವರು ಬೆಳಗಾವಿಯ ಸಂಗೀತ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಖಾನಾಪುರದ ಕುರಿಗಾರರ ಮನೆತನ ಅವರದು. ಎಳವೆಯಲ್ಲಿ ಗುಡ್ಡದ ಓರೆಯಲ್ಲಿ ನಿಂತು ಕುರಿ ಕರೆದವರು. ಅದರಿಂದಲೇ ಇರಬೇಕು, ಅವರ ಬಂದಿಶ್‌ಗಳಲ್ಲಿ ಮಾತು ಕಡಿಮೆ, ಬಿಡುವು ಹೆಚ್ಚು; ತಾಳದ ಮೊದಲ ಪೆಟ್ಟಿಗೆ ಬಂದ ಸ್ವರ ಅಲ್ಲೇ ನಿಂತು, ಅರ್ಧ ಆವರ್ತನ ತಬಲಾ ಒಂದೇ ನುಡಿಯುತ್ತದೆ. "ಹಾಡೂದಕ್ಕಿಂತ ಸುಮ್ಮನಿರೂದ ಹೆಚ್ಚಾತಲ್ರೀ" ಎಂದು ಹಿರಿಯ ಸಹೋದ್ಯೋಗಿ ಸಿದ್ದಪ್ಪನವರು ಆಡಿಕೊಂಡಾಗ ಪೂಜೇರಿಯವರು, "ಕರದ ಮ್ಯಾಲ ಉತ್ತರ ಬರೂತನಾ ತಡೀಬೇಕಲ್ರಿ" ಎಂದರಷ್ಟೆ. ಭಾನುವಾರಗಳಲ್ಲಿ ಖಾನಾಪುರಕ್ಕೆ ಹೋಗಿ, ಮರಾಠಿ ಮನೆಮಾತಿನ ಮಕ್ಕಳಿಗೆ ಕನ್ನಡ ಬಂದಿಶ್‌ನ ಅರ್ಥವನ್ನು ಅವರದೇ ನುಡಿಯಲ್ಲಿ ಬಿಡಿಸಿ ಹೇಳಿ ಕಲಿಸಿದವರು ಅವರು.

ಅಂಥ ಬಿಡುವಿನ ನಂತರ ಸ್ವರವನ್ನು ಕದಲದಂತೆ ಮತ್ತೆ ಹಿಡಿಯಬಲ್ಲ ಕಂಠ ಅವರ ಪಾಲಿಗೆ ಒಂದೇ ಇತ್ತು, ಪತ್ನಿ ಪ್ರಮಿಳಾಬಾಯಿಯವರದು. ಅರವತ್ತೆರಡು ಬಂದಿಶ್‌ಗಳನ್ನೂ ಪತ್ನಿಯ ಎತ್ತರದ ಶ್ರುತಿಗೇ, ಹಾರ್ಮೋನಿಯಂನ ಐದನೆಯ ಕಪ್ಪು ಪಟ್ಟಿಯಾದ ಕರಿ ಐದಕ್ಕೇ ಕಟ್ಟಿದರು. ಆರು ವರ್ಷಗಳ ಹಿಂದೆ ಗಂಟಲಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಪ್ರಮಿಳಾಬಾಯಿಯವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಪೂಜೇರಿಯವರು ಹೊಸದನ್ನು ಕಟ್ಟಲಿಲ್ಲ. ತರಗತಿಯಲ್ಲಿ ಹಿಂದಿನವರು ಕಟ್ಟಿದ ಚೀಜುಗಳನ್ನಷ್ಟೇ ಕಲಿಸಿದರು. ಅವರದೇ ಬಂದಿಶ್ ಕಲಿಸಿರೆಂದು ವಿದ್ಯಾರ್ಥಿಗಳು ಕೇಳಿದರೆ, "ಅವು ಅಲ್ಲಿಗಿ ಮುಗದ್ವು" ಎನ್ನುತ್ತಿದ್ದರು.

ಆದರೆ ಪ್ರಮಿಳಾಬಾಯಿಯವರು ಅದಕ್ಕೆ ಒಪ್ಪಿರಲಿಲ್ಲ. ಪತಿ ಕಾಲೇಜಿನಲ್ಲಿದ್ದ ಹೊತ್ತಿಗೆ, ಮಚ್ಛೆ ಊರಿನ, ಪತಿಯದೇ ಶಿಷ್ಯೆ ಸಪ್ನಾಳನ್ನು ಖಾಸಬಾಗದ ತಮ್ಮ ಮನೆಗೆ ಕರೆಸಿಕೊಂಡು, ಹಾರ್ಮೋನಿಯಂ ಮೇಲೆ ಸ್ವರ ತೋರಿಸಿ, ಸ್ಲೇಟಿನ ಮೇಲೆ ತಪ್ಪು ಬರೆದು ತಿದ್ದಿ, ಒಂದೂವರೆ ವರ್ಷದಲ್ಲಿ ಹನ್ನೊಂದು ಬಂದಿಶ್ ಕಲಿಸಿದರು.

ಕಳೆದ ಆಷಾಢದ ಒಂದು ಮಧ್ಯಾಹ್ನ ಬೇಗ ಮರಳಿದ ಪೂಜೇರಿಯವರು ಹೊಸ್ತಿಲಲ್ಲೇ ನಿಂತರು. ಒಳಗೆ ಅವರದೇ ಬಂದಿಶ್, ಅದೇ ಶ್ರುತಿಯಲ್ಲಿ. ಸಪ್ನಾಳ ಕೊರಳ ನರ ಉಬ್ಬಿತ್ತು. ಮೇಲಿನ ಸ್ವರಕ್ಕೆ ದನಿ ಒಡೆಯುತ್ತಿತ್ತು. ಹೆಂಡತಿಯ ಜಾಗದಲ್ಲಿ ಬೇರೆ ಯಾರೋ ಕೂತಂತಾಗಿ ಅವರಿಗೆ ಸಿಟ್ಟು ಬಂತು. ಆದರೆ ಪ್ರಮಿಳಾಬಾಯಿಯವರ ತುಟಿಗಳು ಹಾಡಿನ ಜೊತೆಗೇ ಆಡುತ್ತಿದ್ದವು. ಅದನ್ನು ಕಂಡು ಸಿಟ್ಟು ಇಳಿಯಿತು.

"ತಡೀವಾ ಸಪ್ನಾ," ಎಂದು ಒಳಬಂದು ತಂಬೂರಿ ತೆಗೆದುಕೊಂಡರು. "ಅಕೀ ಪಟ್ಟಿ ನಿನಗ ಆಗಾಂಗಿಲ್ಲ. ಬಿಳಿ ಐದಕ್ಕ ಇಳಸ್ತೇನಿ, ನಿನ್ನ ದನ್ಯಾಗ ಹಾಡು."

"ಬಾಯಿಯವ್ರು ಹಿಂಗ ಹಾಡ್ತಿದ್ರಲ್ರೀ ಸರ್?"

"ಹೌದು. ಅಕಿ ಹಾಡಿದ್ದು ಇನ್ನ ಬರೂದಿಲ್ಲ. ಹಾಡಾದ್ರೂ ಉಳೀಲಿ."

ತಂತಿ ಇಳಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಪ್ರಮಿಳಾಬಾಯಿಯವರು ಅತ್ತರು, ಆ ಅಳುವಿಗೂ ದನಿಯಿರಲಿಲ್ಲ. ಆಮೇಲೆ ಸ್ಲೇಟು ಒರೆಸಿ ಬರೆದರು: "ಇಕೀಗೂ ಒಂದು ಕಟ್ರಿ."

ಕಟ್ಟಿದರು. ಅದು ಅರವತ್ತಮೂರನೆಯದು, ಅದರ ಎರಡು ಸ್ವರ ತಿದ್ದಿದವರು ಪ್ರಮಿಳಾಬಾಯಿಯವರೇ.

ನಿವೃತ್ತಿಯ ನಂತರದ ಬೆಳಗುಗಳೆಲ್ಲ ಪಂಡಿತರಿಗೆ ಸ್ವಂತವಾಗಲಿ; ದಂಪತಿಗಳಿಗೆ ಆರೋಗ್ಯ, ಆಯುಷ್ಯ ಕೂಡಿಬರಲಿ; ಅರವತ್ತನಾಲ್ಕನೆಯದನ್ನು ಯಾರ ಕಂಠಕ್ಕೆ ಕಟ್ಟಲಿರುವರೋ, ಅವರು ಖಾಸಬಾಗದ ಆ ಮನೆಯ ಬಾಗಿಲನ್ನು ಬೇಗ ತಟ್ಟಲಿ.