ಕೇಳದೆ ತಂದ ಬಾಗಿನ

ನಡೆದದ್ದೆಲ್ಲ ನನ್ನ ಹೊಟ್ಟೆಕಿಚ್ಚಿನಿಂದ. ಟ್ರಸ್ಟಿನ ಮೀಟಿಂಗ್ ಪುಸ್ತಕದಲ್ಲಿ ‘ಮಾಹಿತಿಯ ಕೊರತೆಯಿಂದ ಆದ ಅಚಾತುರ್ಯ’ ಎಂದು ಬರೆದಿದ್ದಾರೆ. ನನ್ನ ವಯಸ್ಸಿಗೆ ಕೊಟ್ಟ ಮರ್ಯಾದೆ ಅದು. ಮಾಹಿತಿ ಫೈಲಿನಲ್ಲಿತ್ತು, ಫೈಲು ನನ್ನ ತೊಡೆಯ ಮೇಲಿತ್ತು. ಓದಿ ಹೇಳಿ ಎಂದು ಒಬ್ಬಳನ್ನು ಕೇಳಿದ್ದರೆ ಮುಗಿಯುತ್ತಿತ್ತು. ಅವಳನ್ನು ನಾನು ಕೇಳಲಿಲ್ಲ.

ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೆಂದು ಮದ್ರಾಸಿನಲ್ಲಿ ಒಂದು ಮನೆ ನಡೆಸುತ್ತಿದ್ದೆವು. ಊರಿಗೆ ಚೆನ್ನೈ ಎಂದು ಹೆಸರಾಗಿ ಒಂದೆರಡು ವರ್ಷವಾಗಿತ್ತು, ನನ್ನ ಬಾಯಿಗೆ ಇನ್ನೂ ಬಂದಿರಲಿಲ್ಲ. ಐದು ಜನ ಟ್ರಸ್ಟಿಗಳು, ಯಾರಿಗೂ ಸಂಬಳವಿಲ್ಲ. ನಾಲ್ವರು ಓದಿದವರು. ಐದನೆಯವಳು ನಾನು, ಮೂರನೇ ಕ್ಲಾಸು, ರೈಲ್ವೆ ಫಿಟ್ಟರನ ಹೆಂಡತಿ. ಮೊದಲು ಅಡುಗೆಗೆಂದು ಹೋದವಳು. ಮನೆ ಶುರು ಮಾಡಿದ ಡಾಕ್ಟರಮ್ಮ ಎರಡು ವರ್ಷ ನೋಡಿ, ಈ ಹೆಂಗಸರ ಸಂಕಟ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು ಎಂದು ಮೇಜಿನ ಮುಂದೆ ಕೂರಿಸಿದರು. ಸೊಪ್ಪು ಬಿಡಿಸುತ್ತ ಕೂತರೆ ಬಂದವರು ತಾವಾಗಿ ಬಾಯಿ ಬಿಡುತ್ತಿದ್ದರು. ನನಗೆ ಗೊತ್ತಿಲ್ಲದ ಕಥೆ ಆ ಮನೆಯಲ್ಲಿ ಇರಲಿಲ್ಲ.

ಆಮೇಲೆ, ಬಿಟ್ಟುಹೋದ ಒಬ್ಬರ ಜಾಗಕ್ಕೆ ಟ್ರಸ್ಟಿಯಾಗಿ ಅವಳು ಬಂದಳು. ಬ್ಯಾಂಕಿನಲ್ಲಿ ಆಫೀಸರಾಗಿದ್ದು ರಿಟೈರಾದವಳು, ನುಂಗಂಬಾಕ್ಕಂನಲ್ಲಿ ಮನೆ, ಮೈಸೂರಿನ ಕನ್ನಡ, ಗಂಜಿ ಹಾಕಿದ ಸೀರೆ. ಅಲ್ಲಿಯವರೆಗೆ ಮೀಟಿಂಗ್ ಪುಸ್ತಕದಲ್ಲಿ ಕನ್ನಡದ ಸಹಿ ಎಂದರೆ ನನ್ನದೊಂದೇ. ಈಗ ನನ್ನ ಸೊಟ್ಟ ಸಹಿಯ ಕೆಳಗೆ ಅವಳ ಸಹಿ, ಅಚ್ಚು ಹಾಕಿದಂತೆ. ಬಂದ ಎರಡನೇ ತಿಂಗಳಲ್ಲೇ ಒಂದು ನಿಯಮ ತಂದಳು: ಬಂದ ಹೆಂಗಸು ಒಬ್ಬರ ಹತ್ತಿರ ಒಂದು ಸಲ ಹೇಳಿಕೊಳ್ಳಲಿ, ಅದನ್ನು ಬರೆದಿಡೋಣ, ಮತ್ತೆ ಯಾರೂ ಅವಳನ್ನು ಕೆದಕಿ ಕೇಳುವುದು ಬೇಡ. ಒಳ್ಳೆಯ ನಿಯಮ. ಆಗಲೂ ಒಳ್ಳೆಯದೆಂದೇ ಗೊತ್ತಿತ್ತು, ಸಂಕಟವಾದದ್ದು ಅದಕ್ಕೇ.

ಆ ವರ್ಷ ಪಲ್ಲಾವರಂ ಕಡೆಯ ಕನ್ನಡದ ಹುಡುಗಿಯೊಬ್ಬಳು ಬಂದಳು. ಇಪ್ಪತ್ತೆರಡು ವರ್ಷ, ಎಡಗೈ ಮುರಿದು ಸೊಟ್ಟಗೆ ಕೂಡಿತ್ತು. ಕನ್ನಡದವಳು, ಇವಳು ನನ್ನ ಪಾಲು ಎಂದುಕೊಂಡೆ. ಅವಳು ಆ ಬ್ಯಾಂಕಿನವಳ ಜೊತೆ ಕೋಣೆಗೆ ಹೋಗಿ ಎರಡು ಗಂಟೆ ಬಾಗಿಲು ಹಾಕಿಕೊಂಡಳು. ಏನಾದರೂ ಕಿವಿಗೆ ಬೀಳಲಿ ಎಂದು ಕಾಫಿ ಮಾಡಿಕೊಂಡು ಹೋದೆ. ಬ್ಯಾಂಕಿನವಳು ಬಾಗಿಲಲ್ಲೇ ಎರಡು ಲೋಟ ಇಸಿದುಕೊಂಡು, ಥ್ಯಾಂಕ್ಸ್ ಹೇಳಿ, ಮತ್ತೆ ಬಾಗಿಲು ಹಾಕಿದಳು.

ಮುಂದಿನ ಮೀಟಿಂಗಿನಲ್ಲಿ ಆ ಹುಡುಗಿಯ ಫೈಲು ಎಲ್ಲರ ಕೈಗೂ ಬಂತು. ಇಂಗ್ಲಿಷು. ಮೊದಲ ನಾಲ್ಕು ಹಾಳೆ ಮಗುಚಿ, ಓದಿದವರ ಹಾಗೆ ತಲೆಯಾಡಿಸಿ ಮುಚ್ಚಿದೆ.

ಸೌಕಾರ್‌ಪೇಟೆಯ ಸೇಠ್ ಒಬ್ಬರ ಕಾರ್ಖಾನೆಯಲ್ಲಿ, ಸೀರೆಗೆ ಜರಿ ಅಂಚು ಹೊಲಿಯುವ ಕೆಲಸ ಹುಡುಗಿಗೆ ಕೊಡಿಸಿದ್ದು ನಾನು. ಸೇಠಮ್ಮ ನನಗೆ ಹಳೆಯ ಪರಿಚಯ. ಆದರೂ ಹುಡುಗಿ ‘ಅಮ್ಮ’ ಎಂದು ಕರೆಯಲು ಶುರು ಮಾಡಿದ್ದು ಬ್ಯಾಂಕಿನವಳನ್ನು. ನನ್ನನ್ನು ಅಜ್ಜಿ ಎಂದಳು. ಅಜ್ಜಿ ಎಂದು ಕರೆಯಲು ಬೀದಿಯವರೆಲ್ಲ ಇದ್ದರು.

ಗೌರಿ ಹಬ್ಬ ಹತ್ತಿರ ಬಂತು. ಮೀಟಿಂಗ್ ಮುಗಿದು ಏಳುವಾಗ ಬ್ಯಾಂಕಿನವಳು, “ಈ ಸಲ ಅವಳಿಗೆ ಬಾಗಿನ ನಾನೇ ಕೊಡ್ತೀನಿ. ತಾಯಿ ಜಾಗದಲ್ಲಿ ಯಾರಾದ್ರೂ ಇರ್ಬೇಕಲ್ಲ” ಎಂದಳು. ಎಲ್ಲರೂ ತಲೆದೂಗಿದರು. ನನ್ನ ಮೈಯೆಲ್ಲ ಉರಿಯಿತು. ಮಗಳಿಗೆ ತವರಿಂದ ಬರಬೇಕಾದ ಅರಿಶಿನ ಕುಂಕುಮ ಬಳೆ, ಇವಳು ಟಿ. ನಗರದ ಅಂಗಡಿಯಿಂದ ತಂದು ಕೊಡುವುದೇ? ನಿಜವಾದ ತವರಿನ ಬಾಗಿನವನ್ನೇ ತಂದುಕೊಡುತ್ತೇನೆ, ಆಮೇಲೆ ಯಾರ ಮೊರ ಯಾರು ನೋಡುತ್ತಾರೋ ನೋಡೋಣ ಎಂದುಕೊಂಡೆ.

ಉದ್ದು ಆರಿಸುವಾಗ ಹುಡುಗಿ ಒಮ್ಮೆ, ಅವರಮ್ಮ ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಹಪ್ಪಳ, ಚಟ್ನಿಪುಡಿ ಮಾರುತ್ತಾಳೆ ಎಂದಿದ್ದಳು. ಹೆಂಗಸರ ಮನೆಯವರನ್ನು ಟ್ರಸ್ಟಿಗಳು ಒಬ್ಬೊಬ್ಬರೇ ಹೋಗಿ ನೋಡಬಾರದು ಎಂದಿತ್ತು. ಹಬ್ಬದ ಹಿಂದಿನ ಶುಕ್ರವಾರ ಬೆಳಿಗ್ಗೆ ಒಬ್ಬಳೇ ರೈಲು ಹತ್ತಿದೆ.

ಆ ತಾಯಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಮಗಳ ಸುದ್ದಿ ಹೇಳಿದ ಕೂಡಲೇ ಅಂಗಡಿಗೆ ಗೋಣಿ ಮುಚ್ಚಿ, ಸಂತೆಯ ಹಿಂದಿನ ಮನೆಗೆ ಕರೆದುಕೊಂಡು ಹೋದಳು. ಅಳುತ್ತಲೇ ಮೊರ ತುಂಬಿದಳು. ಅಲ್ಲಿ ಮೂವತ್ತರ ಒಬ್ಬ ಗಂಡಸಿದ್ದ. ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದ. ಹುಡುಗಿಯ ಸೋದರಮಾವ ಎಂದು ನಾನೇ ತಿಳಿದುಕೊಂಡೆ. ನನಗೆ ನೀರು ಕೊಟ್ಟ, ಫ್ಯಾನು ನನ್ನ ಕಡೆ ತಿರುಗಿಸಿದ, ಹೊರಟಾಗ ಮೊರವನ್ನು ತಾನೇ ಹೊತ್ತು ಸ್ಟೇಷನ್‌ವರೆಗೂ ಬಂದ. ದಾರಿಯಲ್ಲಿ ಮೆಲ್ಲಗೆ ಕೇಳಿದ, ಊಟ ಸರಿಯಾಗಿ ಮಾಡುತ್ತಾಳಾ, ಎಲ್ಲಾದರೂ ಕೆಲಸಕ್ಕೆ ಹೋಗುತ್ತಾಳಾ ಎಂದು. ಕೆಲಸ ಕೊಡಿಸಿದ್ದೇ ನಾನು ಎಂದೆ. ಸೌಕಾರ್‌ಪೇಟೆ ಎಂದೆ. ಯಾವ ಸೇಠು ಎಂದೂ ಹೇಳಿದೆ. ಹೊಗಳಿಸಿಕೊಂಡು ಬಹಳ ದಿನವಾಗಿತ್ತು ನನಗೆ.

ಸಂಜೆ ಹುಡುಗಿ ಕೆಲಸದಿಂದ ಬಂದಾಗ ಮೊರ ಮುಂದಿಟ್ಟೆ.

“ಯಾರು ಕೊಟ್ಟಿದ್ದು ಅಜ್ಜಿ ಇದು?”

“ನಿಮ್ಮಮ್ಮ. ಅಂಗಡೀದಲ್ಲ ಕಣೆ, ತವರಿಂದು. ನಿನ್ನ ಮಾಮನೇ ಸ್ಟೇಷನ್ ತನಕ ಹೊತ್ಕೊಂಡು ಬಂದ.”

“ಯಾವ ಮಾಮ?”

“ನಿಮ್ಮಮ್ಮನ ತಮ್ಮ.”

ಅವಳು ಮೊರ ಮುಟ್ಟಲಿಲ್ಲ. “ಅವನಿಗೇ ತಾನೇ ಅಜ್ಜಿ ನನ್ನ ಕೊಟ್ಟಿರೋದು” ಎಂದಳು.

ನನಗೆ ಹೊಳೆಯಬೇಕಾಗಿತ್ತು. ನನ್ನನ್ನೂ ಸೋದರಮಾವನಿಗೇ ಕೊಟ್ಟಿದ್ದರು. ನಮ್ಮ ಕಡೆ ತವರು ಬೇರೆ, ಗಂಡನ ಮನೆ ಬೇರೆ ಎಂದು ಇರುವುದೇ ಅಪರೂಪ. ನಲವತ್ತು ವರ್ಷ ಮಾಮನ ಜೊತೆ ಬಾಳಿದವಳು ನಾನು, ಆ ಮನೆಯ ಹೊಸ್ತಿಲಲ್ಲಿ ನಿಂತೂ ನೆನಪಾಗಲಿಲ್ಲ.

ಅವನಿಗೆ ಏನೇನು ಹೇಳಿದಿರಿ ಎಂದು ಕೇಳಿದಳು. ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ, ಹಾಲಿಗೆ ಹೋಗಿ ಫೋನು ತಿರುಗಿಸಿ, “ಅಮ್ಮ, ನೀವು ಈಗಲೇ ಬನ್ನಿ” ಎಂದಳು. ಅಷ್ಟೆಲ್ಲ ಆದಮೇಲೂ ನನಗೆ ಚುಚ್ಚಿದ್ದು ‘ಅಮ್ಮ’ ಎಂದದ್ದೇ.

ಬ್ಯಾಂಕಿನವಳು ಆಟೋದಲ್ಲಿ ಬಂದಳು. ಎರಡೇ ಪ್ರಶ್ನೆ ಕೇಳಿದಳು. ಈ ಮನೆ ಎಲ್ಲಿದೆ ಎಂದು ಹೇಳಿದ್ದೀರಾ? ಇಲ್ಲ. ಅವನೂ ರೈಲು ಹತ್ತಿದನಾ? ಗೊತ್ತಿಲ್ಲ ಎಂದೆ. ಹಿಂತಿರುಗಿ ನೋಡಿರಲಿಲ್ಲ, ತೊಡೆಯ ಮೇಲಿನ ಮೊರ ನೋಡಿಕೊಂಡು ಕೂತಿದ್ದೆ. ಹಾಗಾದರೆ ಹುಡುಗಿ ಇಲ್ಲಿರುವಂತಿಲ್ಲ, ಬೆಳಿಗ್ಗೆ ಹನ್ನೊಂದೂವರೆಯ ರೈಲಿಗೆ ಬೇರೆ ಊರಿನ ಮನೆಗೆ ತಾನೇ ಬಿಟ್ಟುಬರುತ್ತೇನೆ ಎಂದಳು. ನಾನೂ ಬರುತ್ತೇನೆ ಎಂದೆ.

“ಬೇಡ ಅಜ್ಜಿ” ಎಂದಳು ಹುಡುಗಿ.

ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬ್ಯಾಂಕಿನವಳು ಅದಕ್ಕೂ ಅವಕಾಶ ಕೊಡಲಿಲ್ಲ. ಹೊರಡುವಾಗ ಮಾತ್ರ, ಫೈಲು ನೋಡಲಿಲ್ಲವಾ ಎಂದಳು. ನನಗೆ ಇಂಗ್ಲಿಷು ಬರಲ್ಲ, ಅದು ನಿಮಗೆ ಗೊತ್ತಲ್ಲ ಎಂದೆ ಜೋರಾಗಿಯೇ.

“ಗೊತ್ತಿದ್ದಕ್ಕೇ ಕೊನೇಲಿ ಕನ್ನಡದ ಹಾಳೆ ಒಂದು ಇಟ್ಟಿದ್ದೆ, ನಿಮಗೋಸ್ಕರ. ದಪ್ಪ ಅಕ್ಷರದಲ್ಲಿ” ಎಂದಳು.

ಇವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸಿತು.

ಮಾರನೆಯ ಬೆಳಿಗ್ಗೆ ಕಾರ್ಖಾನೆ ತೆರೆಯುವ ಮೊದಲೇ ಸೌಕಾರ್‌ಪೇಟೆಗೆ ಹೋದೆ. ಸೇಠಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಹುಡುಗಿ ಕೂರುವ ಜಾಗದಲ್ಲಿ ಅವಳ ಅರ್ಧ ಹೊಲಿದ ಅಂಚು ಹಿಡಿದು ಕೂತೆ. ಒಂಬತ್ತೂವರೆಗೆ ಅವನು ಬಂದ. ಅಲ್ಲಿಗೆ ಬಂದನೆಂದರೆ ನಮ್ಮ ಮನೆ ಗೊತ್ತಾಗಿಲ್ಲ ಎಂದರ್ಥ. ಮೊದಲ ಬಾರಿ ಉಸಿರು ಬಿಟ್ಟೆ. ಅವಳೆಲ್ಲಿ ಅಜ್ಜಿ ಎಂದ, ಅದೇ ಮೆತ್ತನೆಯ ದನಿ. “ಬರ್ತಾಳಪ್ಪ, ಹಬ್ಬದ ಕೆಲಸ, ಲೇಟಾಗತ್ತೆ. ಕೂತ್ಕೋ” ಎಂದು ಸ್ಟೂಲು ತಳ್ಳಿದೆ. ಎದ್ದುಹೋಗುವ ಹಾಗೆ ಕಂಡಾಗಲೆಲ್ಲ, ಕಣ್ಣು ಕಾಣಲ್ಲ ಕಣೋ, ಇದೊಂದು ಪೋಣಿಸಿಕೊಡು ಎಂದು ಸೂಜಿ ಮುಂದೆ ಹಿಡಿದೆ. ಅಲ್ಲಿಗೆ ಹತ್ತಿರದ ಸೆಂಟ್ರಲ್ ಸ್ಟೇಷನ್ನಿಂದ ಹುಡುಗಿಯ ಹನ್ನೊಂದೂವರೆಯ ರೈಲು ಹೊರಡುವ ಹೊತ್ತು ಮೀರುವವರೆಗೆ ಅವನಿಂದ ಹದಿನಾಲ್ಕು ಸೂಜಿ ಪೋಣಿಸಿಸಿದೆ.