ಅಪ್ಪನಿಗೊಂದು ಕೋಟು

ನಮ್ಮ ಅಪ್ಪ ಬದುಕಿರುವ ತನಕ ಕೋಟು ಹಾಕಿದವರಲ್ಲ. ತೀರಿಕೊಂಡ ಮೇಲೆ ಹಾಕಿಸಿಕೊಂಡರು.

ಹಾಕಿದವರು ರೋಣದ ಫೋಟೋ ಸ್ಟುಡಿಯೋದವರು. ಅಪ್ಪನ ತಿಂಗಳ ಪೂಜೆಗೆ ಗೋಡೆಯ ಮೇಲೊಂದು ಫೋಟೋ ಬೇಕಿತ್ತು. ಮೊಬೈಲಿನಲ್ಲಿದ್ದುದನ್ನು ಕೊಟ್ಟು, ದೊಡ್ಡದು ಮಾಡಿಕೊಡಿ ಎಂದಿದ್ದೆ. ಪೂಜೆಯ ಹಿಂದಿನ ದಿನ ಕೈಗೆ ಬಂತು. ನೀಲಿ ಹಿನ್ನೆಲೆ, ಕರಿ ಕೋಟು, ಕೆಂಪು ಟೈ. ಕುತ್ತಿಗೆ ಧ್ವಜದ ಕಂಬದಷ್ಟು ನೆಟ್ಟಗೆ.

ಅವ್ವ ಬಹಳ ಹೊತ್ತು ನೋಡಿದಳು.

"ಯಾರಪಾ ಇವ್ರು? ಇವರ್ನ ಗ್ವಾಡಿಗೆ ಹಾಕಿದ್ರ ನಾ ಮನ್ಯಾಗೂ ತಲಿ ಮ್ಯಾಲೆ ಸೆರಗ ಹೊತ್ಕೊಂಡ ಅಡ್ಡಾಡಬೇಕಾಕ್ಕೈತಿ!"

ನಕ್ಕಳು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಪ್ಪ ಗಜೇಂದ್ರಗಡದಲ್ಲಿ ದನದ ಡಾಕ್ಟರಾಗಿದ್ದರು. ಕೊರಳಲ್ಲಿ ಸ್ಟೆಥಸ್ಕೋಪ್ ಇದ್ದರೂ ಎಮ್ಮೆಯ ಹೊಟ್ಟೆಗೆ ಕಿವಿಯನ್ನೇ ಹಚ್ಚಿ ಕೇಳುತ್ತಿದ್ದರು. ಹಾಗೆ ಬಗ್ಗಿ ಬಗ್ಗಿಯೇ ಕುತ್ತಿಗೆ ಎಡಕ್ಕೆ ವಾಲಿತ್ತು. ಅಸೂಟಿಯಲ್ಲೋ ಸೂಡಿಯಲ್ಲೋ ದನ ನೋಡಿ ಮನೆಗೆ ಬಂದಾಗ ಅವ್ವ ಕೇಳುವಳು, "ಏನಾಗಿತ್ರೀ ಅದಕ್ಕ?"

"ಹೋಗೂತನಾ ನನಗೂ ಗೊತ್ತಿರಲಿಲ್ಲ."

"ಇಷ್ಟ್ ವರ್ಷ ಆತು, ಇನ್ನೂ ಗೊತ್ತಾಗಂಗಿಲ್ಲೇನ್ರಿ?"

"ಈ ಎಮ್ಮಿ ಸಿಕ್ಕಿದ್ದು ಇದ ಮೊದಲ್ನೇ ಸಲಾ ಅಲ್ಲೇನ!"

ನಾನು ಫೋಟೋ ಹಿಡಿದು ಮತ್ತೆ ಸ್ಟುಡಿಯೋಕ್ಕೆ ಹೋದೆ.

"ಕುತ್ತಿಗಿ ವಾರಿ ಇತ್ರೀ ಸರ, ನೆಟ್ಟಗ ಮಾಡೀನಿ," ಎಂದರು ಮಾಲೀಕರು. "ಕೋಟು ಫ್ರೀ. ಹುಟ್ಟಿದಾಗಿಂದ ಇದ ಕೆಲಸ ರೀ. ಪಾಸ್‌ಪೋರ್ಟ್ ಫೋಟೋ ಅಂದ್ರ ಕಣ್ಣ ಮುಚ್ಚಿ ಮಾಡ್ತೀನಿ."

ಅದು ಮಾತ್ರ ಖರೆ. ಕಣ್ಣು ಮುಚ್ಚಿಯೇ ಮಾಡಿದ್ದರು. ಒಂದೇ ಕೆಲಸವನ್ನು ಸಾವಿರ ಸಲ ಮಾಡಿದರೆ ಕೈ ಪಳಗುತ್ತದೆ, ಒಪ್ಪೋಣ. ಕಣ್ಣು? (ನಮ್ಮ ಆಫೀಸುಗಳಲ್ಲಿ ಇದಕ್ಕೆ ಸರ್ವಿಸ್ ಅನ್ನುತ್ತಾರೆ. ಪ್ರಮೋಷನ್ನೂ ಕೊಡುತ್ತಾರೆ.)

"ಇಲ್ಲೀತನಾ ಒಂದ ಕಂಪ್ಲೇಂಟ್ ಬಂದಿಲ್ರೀ," ಎಂದರು.

ಹೇಗೆ ಬಂದೀತು? ಕೋಟು ತೊಟ್ಟವರು ಎದ್ದು ಬಂದು ಹೇಳಬೇಕಲ್ಲ!

ನಾನು ಜಗಳವಾಡಲಿಲ್ಲ. ಎಮ್ಮೆಯ ಹೊಟ್ಟೆ, ಕಿವಿ, ಕುತ್ತಿಗೆ ಎಲ್ಲ ಹೇಳಿದೆ. ಅವರು ಮೊಬೈಲಿನ ಚಿತ್ರವನ್ನು ಮತ್ತೆ ತೆರೆದರು. ಬಹುಶಃ ಆಗಲೇ ಮೊದಲ ಸಲ ಅದನ್ನು ನೋಡಿದ್ದು. ಅಪ್ಪನ ಕುತ್ತಿಗೆಯನ್ನು ಮೊದಲಿನಂತೆ ವಾಲಿಸಿದರು. ಪರದೆಯ ಮೇಲೆ ಅಪ್ಪ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು.

"ಕುತ್ತಿಗಿ ನೀವ್ ಹೇಳಿದಂಗ ಆತು," ಎಂದರು ಮಾಲೀಕರು. "ಕೋಟಾದ್ರೂ ಇರಲಿ ಬಿಡ್ರಿ ಸರ. ಡಾಕ್ಟ್ರು ಅಂತ ಗೊತ್ತಾಗಬೇಕಲ್ರೀ?"

ಆ ಕೋಟು ಹಾಕಿಕೊಂಡು ಹೋಗಿದ್ದರೆ ಅಪ್ಪನನ್ನು ಯಾವ ಎಮ್ಮೆ ಹತ್ತಿರ ಬಿಟ್ಟುಕೊಳ್ಳುತ್ತಿತ್ತು?