ಚಕ್ರವರ್ತಿಯ ಹಾಲವ್ವ

ಗ್ಲಿಕೇರಿಯಾಳ ಗಂಡ ಪೋಥೋಸ್ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ರಾಳ ಮೆತ್ತುವ ಕೆಲಸದವನು. ಕಾನ್‌ಸ್ಟಾಂಟಿನೋಪಲಿನ ಕೊಲ್ಲಿಯ ದಂಡೆಯಲ್ಲಿ, ರಾಳ ಕಾಯಿಸುವ ಹೊಗೆಯ ನಡುವೆಯೇ ಅವರ ಮನೆ. ಚೊಚ್ಚಲ ಮಗಳು ಮೆಲಾನಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಅಷ್ಟರಲ್ಲಿ ಅರಮನೆಯಿಂದ ಇಬ್ಬರು ಹೆಂಗಸರು ಬಂದರು. ಪಟ್ಟದ ರಾಣಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಗಂಡುಮಗು ಬದುಕಿತ್ತು, ಆದರೆ ಯಾರ ಎದೆಗೂ ಬಾಯಿ ಹಾಕುತ್ತಿರಲಿಲ್ಲ.

ಬಂದವರು ಗ್ಲಿಕೇರಿಯಾಳ ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡಿದರು. ಹನಿ ಹರಿಯದೆ ನಿಂತಿತು. "ಇವಳೇ ಸೈ" ಅಂದರು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

"ಹೋಗೇ ಮಾರಾಯ್ತಿ," ಅಂದ ಪೋಥೋಸ್, ನಗಲು ನೋಡುತ್ತ. "ಇನ್ಮೇಲೆ ರಾಜ್ಯಭಾರ ನಡೆಯೋದೇ ನಮ್ಮನೆ ಹಾಲಲ್ಲಿ!"

ಮೆಲಾನಿ ಮೇಕೆ ಹಾಲಿಗೆ ಬಿದ್ದಳು.

ಅರಮನೆಯ ಮಗು ಗ್ಲಿಕೇರಿಯಾಳ ಎದೆಯನ್ನು ಮೊದಲ ಸಲಕ್ಕೇ ಕಚ್ಚಿಕೊಂಡಿತು. ಅದಕ್ಕೆ ಉದ್ದುದ್ದ ಬಿರುದುಗಳಿದ್ದವು, ಅವಳ ನಾಲಿಗೆಗೆ ಒಂದೂ ಹೊರಳಲಿಲ್ಲ. ಗುಬ್ಬಿ ಅಂತ ಕರೆದಳು. ಹುಡುಗ ಮಾತು ಕಲಿತ ಮೇಲೆ ಅವಳನ್ನು ಅವ್ವ ಅಂದ. ತಿದ್ದುವವರು ತಿದ್ದಿ ತಿದ್ದಿ ಸೋತರು.

ಅವನು ಇನ್ನೂ ಷರಾಯಿ ಕಟ್ಟಿಕೊಳ್ಳಲು ಬಾರದ ವಯಸ್ಸಿನಲ್ಲಿ ತಂದೆ ಗಡಿಯ ಯುದ್ಧದಲ್ಲಿ ಸತ್ತ. ಕಿರೀಟ ಜಾರಿ ಮೂಗಿಗೆ ಬರುತ್ತಿತ್ತು. ಒಳಗೆ ಉಣ್ಣೆ ಇಟ್ಟು ಹೊಲಿದುಕೊಟ್ಟವಳು ಗ್ಲಿಕೇರಿಯಾ. ಪಟ್ಟಾಭಿಷೇಕದ ದಿನ, ಪರದೇಶದ ರಾಯಭಾರಿಗಳು ಸಾಲಾಗಿ ಅಡ್ಡಬಿದ್ದಿದ್ದಾಗ, ಸಿಂಹಾಸನದ ಮೇಲಿಂದ ಸಣ್ಣ ದನಿ ಕೇಳಿತು: "ಅವ್ವಾ, ಉಚ್ಚೆ ಬಂತು."

ಪಕ್ಕದಲ್ಲಿದ್ದ ಚಿಕ್ಕಪ್ಪ ಹುಡುಗನನ್ನು ಎತ್ತಿಕೊಂಡು, "ಚಕ್ರವರ್ತಿಗಳ ಮೊದಲ ಅಪ್ಪಣೆ ಆಯ್ತು, ದಾರಿ ಬಿಡ್ರಪ್ಪ!" ಅಂದ. ಸಭೆಯೆಲ್ಲ ನಕ್ಕಿತು. ಗ್ಲಿಕೇರಿಯಾ ಕೂಡ ನಕ್ಕಳು. ಒಳ್ಳೆಯ ಮನುಷ್ಯ ಅಂದುಕೊಂಡಳು.

ರಾಜ್ಯ ಹುಡುಗನ ಹೆಸರಿನಲ್ಲಿತ್ತು, ಆಳಿಕೆ ಚಿಕ್ಕಪ್ಪನದು. ಚಕ್ರವರ್ತಿ ಮಾತ್ರ ಬಳಸಬೇಕಾದ ಕೆಂಪು ಶಾಯಿಯ ಕುಡಿಕೆ ಚಿಕ್ಕಪ್ಪನ ಕೋಣೆಯಲ್ಲೇ ಇರುತ್ತಿತ್ತು. ಸಹಿ ಬೇಕಾದಾಗ ಕುಡಿಕೆ ಬರುತ್ತಿತ್ತು, ಆಮೇಲೆ ವಾಪಸು ಹೋಗುತ್ತಿತ್ತು. ಗಡ್ಡ ಮೂಡಿದ ವರ್ಷ ಹುಡುಗ ಒಂದು ಹಟ ಹಿಡಿದ: ಅರಮನೆ ಬಾಗಿಲಲ್ಲಿ ತಾನೇ ನಿಂತು ಜನರ ಅಹವಾಲು ಕೇಳುತ್ತೇನೆ ಅಂತ. ಕೇಳಿದ. ಒಬ್ಬ ವಿಧವೆಯ ತೋಟ ಬಿಡಿಸಿಕೊಡುತ್ತೇನೆಂದು ಮಾತನ್ನೂ ಕೊಟ್ಟ. ಮಾರನೆಯ ದಿನ ಬಾಗಿಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಬೀದಿಯ ತುದಿಯಲ್ಲೇ ಚಿಕ್ಕಪ್ಪನ ಕಾವಲಿನವರು ಎಲ್ಲರನ್ನೂ ಹಿಂದಕ್ಕೆ ಅಟ್ಟುತ್ತಿದ್ದರು.

"ನಾನು ಚಕ್ರವರ್ತಿ ಹೌದೇನವ್ವ?" ಅಂತ ಅಂದು ಕೇಳಿದ.

"ಇದೇನು ಮಾತು ಗುಬ್ಬಿ? ಅಲ್ಲದಿದ್ರೆ ಇಷ್ಟು ಜನ ಯಾಕೆ ಅಡ್ಡಬೀಳ್ತಾರೆ?"

"ಬೀಳೋದು ನನಗೇ. ಏಳುವಾಗ ಚಿಕ್ಕಪ್ಪನ ಮುಖ ನೋಡ್ಕೊಂಡು ಏಳ್ತಾರೆ."

ಅವಳು ಅಂಜೂರದ ಹಣ್ಣು ಸುಲಿದು ಅವನ ಮುಂದಿಟ್ಟಳು.

ಹಬ್ಬಕ್ಕೆ ಮನೆಗೆ ಹೋದರೆ ಅಲ್ಲಿಯೂ ಅವಳು ನೆಂಟಳೇ. "ಬಂದ್ಲಪ್ಪ ರಾಜಮಾತೆ!" ಅನ್ನುತ್ತಿದ್ದಳು ಮೆಲಾನಿ. "ನಾನು ಮೇಕೆಗೆ ಹುಟ್ಟಿದೋಳು, ನನ್ನ ಗುರುತು ಸಿಕ್ತೇನವ್ವ?" ಪೋಥೋಸ್ ಮಗಳನ್ನು ಗದರುತ್ತಿದ್ದ, ಆದರೆ ಜೋರಾಗಿ ಅಲ್ಲ.

ಆ ವಸಂತದಲ್ಲಿ ಹುಡುಗನಿಗೆ ಮದುವೆಯ ಮಾತು ಶುರುವಾಗಿತ್ತು. ಹೆಂಡತಿ ಬಂದರೆ ಬೀಗರು ಬರುತ್ತಾರೆ, ಬೀಗರ ಜೊತೆ ಸೈನ್ಯ ಬರುತ್ತದೆ. ಚಿಕ್ಕಪ್ಪ ಅಷ್ಟು ದಿನ ಕಾಯಲಿಲ್ಲ. ಒಂದು ಬೆಳಗ್ಗೆ ಸಿಪಾಯಿಗಳು ಅವನನ್ನೇ ಗುರಾಣಿಯ ಮೇಲೆ ಎತ್ತಿ, ಇವನೇ ಚಕ್ರವರ್ತಿ ಅಂತ ಜಯಕಾರ ಹಾಕಿದರು. ಹುಡುಗ ಬರಿಗಾಲಲ್ಲಿ ಓಡಿ ದೊಡ್ಡ ಇಗರ್ಜಿಯನ್ನು ಹೊಕ್ಕು, ಬಲಿಪೀಠದ ಕಂಬವನ್ನು ತಬ್ಬಿಕೊಂಡ. ಅಲ್ಲಿ ಆಸರೆ ಪಡೆದವನನ್ನು ಎಳೆದರೆ ಪಾಪ. ಹೊರಗೆ ಊರೇ ನೆರೆದಿತ್ತು.

ಚಿಕ್ಕಪ್ಪ ಗ್ಲಿಕೇರಿಯಾಳನ್ನು ಕರೆಸಿದ. "ನೋಡಮ್ಮ, ಅವನು ನನ್ನ ಅಣ್ಣನ ಮಗ. ಮಠಕ್ಕೆ ಕಳಿಸ್ತೀನಿ, ಪ್ರಾರ್ಥನೆ ಮಾಡ್ಕೊಂಡು ಇರ್ಲಿ. ಕೂದಲೂ ಕೊಂಕಲ್ಲ." ಕೊರಳಿನ ಶಿಲುಬೆಯನ್ನು ಮುಟ್ಟಿ ಆಣೆ ಇಟ್ಟ. "ನೀನು ಕರೆದ್ರೆ ಬರ್ತಾನೆ. ಬರಲಿಲ್ಲ ಅಂದ್ರೆ ಇವತ್ತು ಆ ಇಗರ್ಜಿ ಒಳಗೆ ಏನಾಗುತ್ತೋ ನನ್ನ ಕೈಲಿಲ್ಲ."

ಶಿಲುಬೆ ಮುಟ್ಟಿ ಆಣೆ ಇಟ್ಟವನನ್ನು ನಂಬದೆ ಇನ್ನು ಯಾರನ್ನು ನಂಬುವುದು? ನಂಬದಿದ್ದರೂ ತಾನು ಮಾಡುವುದಾದರೂ ಏನು? ಇಬ್ಬರು ಸಿಪಾಯಿಗಳ ನಡುವೆ ಅವಳು ನಡೆದಳು. ಬಲಿಪೀಠದ ಮುಂದಿನ ಅಡ್ಡಗಟ್ಟೆಯ ಈಚೆ ನಿಂತಳು.

"ಗುಬ್ಬಿ, ಬಾರಪ್ಪ. ಮಠಕ್ಕಂತೆ. ಆಣೆ ಇಟ್ಟಿದಾರೆ."

ಹುಡುಗ ಅವಳನ್ನು ನೋಡಿದ, ಅವಳ ಹಿಂದೆ ನಿಂತ ಸಿಪಾಯಿಯನ್ನೂ ನೋಡಿದ. ಆಮೇಲೆ ಕಂಬ ಬಿಟ್ಟು ಎದ್ದು ಬಂದ.

ಮೆಟ್ಟಿಲಿಳಿಯುತ್ತಿದ್ದಂತೆ ಅವನನ್ನು ಒಂದು ಕಡೆಗೆ, ಅವಳನ್ನು ಇನ್ನೊಂದು ಕಡೆಗೆ ಎಳೆದರು. ಪಕ್ಕದ ಅಂಗಳದ ಗೋಡೆಯಾಚೆ ಕುಲುಮೆಯ ತಿದಿ ಒತ್ತುವ ಸದ್ದು ಬಂತು. ಯಾಕೆ ಅಂತ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅವನ ಕೂಗು ಕೇಳಿದಾಗ ಅರ್ಥವಾಯಿತು. ಕಣ್ಣಿಲ್ಲದವನು ಸಿಂಹಾಸನ ಏರುವಂತಿಲ್ಲ. ಸಿಪಾಯಿಯ ತೋಳನ್ನು ಕಚ್ಚಿದಳು, ಪರಚಿದಳು. ಅವನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ಹುಡುಗನನ್ನು ಸಮುದ್ರದ ನಡುವಿನ ದ್ವೀಪದ ಮಠಕ್ಕೆ ಹಾಕಿದರು. ಪೋಥೋಸ್ ಯಾರದೋ ದೋಣಿ ಕೇಳಿಕೊಂಡು ಬಂದು, ಹುಟ್ಟು ಹಾಕಿ ಹೆಂಡತಿಯನ್ನು ಅಲ್ಲಿಗೆ ಮುಟ್ಟಿಸಿದ. ಹೆಂಗಸರಿಗೆ ಮಠದೊಳಗೆ ಪ್ರವೇಶವಿಲ್ಲ. ಗೋಡೆಯ ಹೊರಗೆ ಸನ್ಯಾಸಿಗಳ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಒಗೆಯುವ ಗಂಟಿನಲ್ಲಿ ಕಣ್ಣಿಗೆ ಕಟ್ಟುವ ಅರಿವೆ ಪಟ್ಟಿಗಳು ಬರುತ್ತಿದ್ದವು. ಮೊದಮೊದಲು ಕೀವು, ರಕ್ತ. ಆಮೇಲೆ ಬರೀ ಹಳದಿ ಕಲೆ. ಆಮೇಲೆ ಪಟ್ಟಿಗಳು ಬರುವುದೇ ನಿಂತಿತು. ಮಾಯ್ದಿದೆ ಅಂದುಕೊಂಡಳು.

ಮಠದ ಸಂತರ ಹಬ್ಬಕ್ಕೆ ಮಾತ್ರ ಹೊರಬಾಗಿಲು ತೆರೆಯುತ್ತಿತ್ತು. ಆ ದಿನ ಒಬ್ಬ ಮುದಿ ಸನ್ಯಾಸಿ ಅವನನ್ನು ಕೈಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದ. ಗ್ಲಿಕೇರಿಯಾ ಎದುರಿಗೆ ಕುಸಿದಳು.

"ನಂಗೊತ್ತಿರಲಿಲ್ಲ ಗುಬ್ಬಿ. ದೇವರಾಣೆಗೂ ಗೊತ್ತಿರಲಿಲ್ಲ."

"ನಂಗೆ ಗೊತ್ತಿತ್ತು," ಅಂದ.

"ಗೊತ್ತಿದ್ದೂ ಯಾಕೆ ಬಂದ್ಯೋ?"

"ಆ ಸಿಪಾಯಿ ಕೈ ನಿನ್ನ ಕತ್ತಿನ ಹಿಂದೆ ಇತ್ತಲ್ಲವ್ವ. ನೀನು ನೋಡಲಿಲ್ಲ. ಕೈಯಲ್ಲಿ ಕತ್ತಿ ಇತ್ತು."

ಅದನ್ನು ಕೇಳಿ ಅವಳಿಗೆ ಸಮಾಧಾನ ಆಗಬೇಕಿತ್ತು ಅಂತ ಮುದಿ ಸನ್ಯಾಸಿ ಆಮೇಲೆ ಹೇಳಿದನಂತೆ. ಆಗಲಿಲ್ಲ. ಮೋಸಹೋಗಿ ಕರೆದೆ ಅನ್ನುವುದೊಂದು ನೆಪವಾದರೂ ಇತ್ತು; ಈಗ ತನ್ನ ಈ ಜೀವ ಉಳಿಸಲೆಂದೇ ಅವನ ಕಣ್ಣು ಹೋಯಿತು ಎಂದಾಯಿತು. ಅವನ ಉಗುರು ಉದ್ದ ಬೆಳೆದಿದ್ದವು. ಒಂದು ಕತ್ತರಿ ಇಸಿದುಕೊಂಡು, ಬಾಗಿಲು ಮುಚ್ಚುವವರೆಗೆ ಉಗುರು ತೆಗೆದಳು.

ಚಳಿಗಾಲ ಕಳೆಯುವ ಹೊತ್ತಿಗೆ ಅವನು ಜ್ವರದಲ್ಲಿ ಹೋದ. ಅವಳಿಗೆ ಯಾರೂ ತಿಳಿಸಲಿಲ್ಲ. ಅವನ ನಿಲುವಂಗಿಯ ತೋಳು ಮೊಟಕು ಮಾಡಿ ಬೇರೆ ಯಾರಿಗೋ ಹೊಂದಿಸಿದ್ದು ಒಗೆಯಲು ಬಂದಾಗ ಗೊತ್ತಾಯಿತು. ಎಲ್ಲಿ ಹೂತರು ಅಂದರೆ, ಹೇಳಲು ಅಪ್ಪಣೆಯಿಲ್ಲ ಅಂದರು.

ಪೋಥೋಸ್ ಬಂದು ಕರೆದುಕೊಂಡು ಹೋದ. ದಂಡೆಯಲ್ಲಿ ಹೊಸ ಚಕ್ರವರ್ತಿಯ ಆಯುಸ್ಸಿಗಾಗಿ ಗಂಟೆ ಬಾರಿಸುತ್ತಿದ್ದರು. ಮನೆಯಲ್ಲಿ ಮೆಲಾನಿ ಚುಚ್ಚುಮಾತು ಆಡಲಿಲ್ಲ. ಬೇಳೆಯ ಗಂಜಿಗೆ ಎಣ್ಣೆ ಹಾಕಿ ತಾಯಿಯ ಮುಂದಿಟ್ಟಳು.

"ಉಣ್ಣವ್ವ," ಅಂದಳು. ಗ್ಲಿಕೇರಿಯಾ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಉಣ್ಣಲಿಲ್ಲ, ಕೆಳಗೂ ಇಡಲಿಲ್ಲ.